ನೊಣ ಕಟ್ಟಿ ಮಾರುವುದು ಹೇಗೆ: ಕಾವೇರಿ ದಂಡೆಯ ಒಂದು ವರ್ಷದ ಲೆಕ್ಕ

ವ್ಯಾಪಾರ ಇಲ್ಲದೆ ಖಾಲಿ ಕೂತವರನ್ನು ನಮ್ಮಲ್ಲಿ 'ನೊಣ ಹೊಡೀತಾ ಕೂತಿದ್ದಾನೆ' ಅನ್ನುತ್ತಾರೆ. ನಾನು ನೊಣ ಕಟ್ಟುತ್ತೇನೆ. ಕೊಡಗಿನ ಸಿದ್ದಾಪುರ ಸಂತೆಯಲ್ಲಿ ಯಾರಾದರೂ 'ಈಗೇನು ಕೆಲಸ?' ಅಂತ ಕೇಳಿದರೆ ಹೀಗೇ ಹೇಳುವುದು. ಅರ್ಧ ಜನ ನಗುತ್ತಾರೆ. ಉಳಿದರ್ಧ ಜನ ನಮ್ಮ ಅಪ್ಪನ ಮುಖ ನೋಡುತ್ತಾರೆ, ಪಾಪ ಅನ್ನುವ ಹಾಗೆ.

ಕಾಫಿ ಗೋದಾಮಿನ ಅಟ್ಟದಲ್ಲಿ ಗಾಳವನ್ನು ಕಚ್ಚಿ ಹಿಡಿಯುವ ಮೂರು ವೈಸ್, ಒಂದು ಮೇಜು, ಕೈಕೆಲಸಕ್ಕೆ ಇಬ್ಬರು ಹೆಂಗಸರು, ಮತ್ತು ನಾನು. ಕಂಪನಿ ಅಂದರೆ ಇಷ್ಟೇ. ಫ್ಲೈ ಫಿಶಿಂಗ್ ಅಂದರೆ ನಕಲಿ ಹುಳುವಿನಿಂದ ಮೀನು ಹಿಡಿಯುವುದು. ಅದಕ್ಕೆ ಬೇಕಾದ ಫ್ಲೈಗಳು (ನನ್ನ 'ನೊಣ' ಇದೇ), ಲೈನಿನ ತುದಿಗೆ ಕಟ್ಟುವ ತೆಳು ದಾರದ ಲೀಡರ್‌ಗಳು, ಆಮೇಲೆ ಹೊರಗಿಂದ ತರಿಸಿ ಪರೀಕ್ಷೆ ಮಾಡಿ ಕೊಡುವ ಲೈನು, ರಾಡು. ಕಳೆದ ವರ್ಷ ವ್ಯಾಪಾರ ಸ್ವಲ್ಪ ಜಾಸ್ತಿಯಾಯಿತು, ಓಡಾಟವೂ ಆಯಿತು. 'ನಾವೂ ಶುರು ಮಾಡಬೇಕು, ಹೇಗೆ?' ಅಂತ ಕೇಳುವವರು ಹೆಚ್ಚಾದರು. ಪ್ರತಿಯೊಬ್ಬರಿಗೂ ಫೋನಿನಲ್ಲಿ ಹೇಳಿ ಸಾಕಾಗಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಮಾಮೂಲಿ ಗಾಳದಲ್ಲಿ ಸೀಸದ ಗುಂಡಿನ ಭಾರ ದಾರವನ್ನು ಎಳೆದುಕೊಂಡು ಹೋಗುತ್ತದೆ. ಇಲ್ಲಿ ಉಲ್ಟಾ. ಗಾಳಕ್ಕೆ ಗರಿ, ಕೂದಲು ಸುತ್ತಿ ಮಾಡಿದ ಹುಳುವಿಗೆ ದಾರ ಎಳೆಯುವಷ್ಟು ಭಾರ ಇಲ್ಲ. ದಪ್ಪ ಲೈನೇ ಭಾರ, ಅದೇ ಹುಳುವನ್ನು ಹೊತ್ತು ಹಾರಿಸುತ್ತದೆ. ಈ ಒಂದು ವಿಷಯ ತಲೆಗೆ ಹೋಗದೆ ಸಾಮಾನು ಮಾರಲು ಕೂತರೆ ಗಿರಾಕಿಗೆ ತಪ್ಪು ರಾಡು ಕೊಡುತ್ತೀರಿ. ಅವನು ಒಂದು ವಾರ ಬೆನ್ನು ಮುರಿಯುವ ಹಾಗೆ ಬೀಸಿ, ಅಟ್ಟಕ್ಕೆ ಹಾಕುತ್ತಾನೆ.

ಎಷ್ಟು ಬಗೆ ಕಟ್ಟಬೇಕು?

ನಾನು ಶುರು ಮಾಡಿದಾಗ ನಲವತ್ತೆರಡು ಬಗೆಯ ಫ್ಲೈ ಪಟ್ಟಿಯಲ್ಲಿತ್ತು. ಚಂದದ ಫೋಟೋ, ಚಂದದ ಹೆಸರು. ವರ್ಷದ ಕೊನೆಗೆ ಲೆಕ್ಕ ತೆಗೆದರೆ ಹಣ ತಂದಿದ್ದು ಏಳೇ. ಉಳಿದದ್ದಕ್ಕೆ ಹಾಕಿದ ಬಂಡವಾಳ ಡಬ್ಬಿಯಲ್ಲಿ ತುಕ್ಕು ಹಿಡಿಯುತ್ತಿತ್ತು. ಈಗ ಹನ್ನೊಂದು ಬಗೆ ಮಾತ್ರ. ಹೊಸದೊಂದು ಸೇರಬೇಕಾದರೆ ಹಳೆಯದೊಂದು ಹೋಗಬೇಕು. ಹೊಳೆಯಲ್ಲಿ ನಾನೇ ಮೂರು ಸಲ ಹಾಕಿ, ಮೀನು ಮುಟ್ಟದ ಫ್ಲೈ ಪಟ್ಟಿಗೆ ಬರುವುದಿಲ್ಲ. ಮೇಜಿನ ಮೇಲೆ ಮನುಷ್ಯರಿಗೆ ಇಷ್ಟವಾಗುವ ಫ್ಲೈ ಬೇರೆ, ನೀರಿನಲ್ಲಿ ಮೀನಿಗೆ ಇಷ್ಟವಾಗುವುದು ಬೇರೆ.

ನಮ್ಮ ಕಡೆ ಎಲ್ಲರ ಕಣ್ಣೂ ಮಹಶೀರ್ ಮೀನಿನ ಮೇಲೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದ 120 ಪೌಂಡಿನ ಮೀನಿನ ಕತೆ ಕೇಳದೆ ಬೆಳೆದ ಗಾಳಗಾರ ಇಲ್ಲಿಲ್ಲ. ಆದರೆ ಕಾವೇರಿಯ ಆ ಮೂಲ ಮಹಶೀರ್, ಕಿತ್ತಳೆ ರೆಕ್ಕೆಯ ಗೂನುಬೆನ್ನಿನದು, ಇವತ್ತು ಅಳಿವಿನ ಅಂಚಿನಲ್ಲಿದೆ. ಅದಕ್ಕೆ ಸರಿಯಾದ ವೈಜ್ಞಾನಿಕ ಹೆಸರು, ಟೋರ್ ರೆಮಾದೇವಿ, ಗಟ್ಟಿಯಾಗಿದ್ದೇ 2018ರಲ್ಲಿ. ಅದೇ ವರ್ಷ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಈಗ ಸಿಗುವುದು ಹೆಚ್ಚಾಗಿ ನೀಲಿ ರೆಕ್ಕೆಯ ಖುದ್ರೀ ಜಾತಿ. ಅದು ಲೋನಾವಲಾದ ಹ್ಯಾಚರಿಯಿಂದ ಮರಿ ತಂದು ಬಿಟ್ಟಿದ್ದರಿಂದ ಬೆಳೆದದ್ದು.

ಹಾಗಾಗಿ ಮೊದಲ ನಿಯಮ: ಮುಳ್ಳಿಲ್ಲದ ಗಾಳ. ಗಾಳದ ತುದಿಯ ಹಿಂದಿನ ಚಿಕ್ಕ ಮುಳ್ಳನ್ನು ನಾವೇ ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿ ಕಳಿಸುತ್ತೇವೆ. ಹಿಡಿದ ಮೀನನ್ನು ನೀರಿನಲ್ಲೇ ಇಟ್ಟು ಬಿಡಿಸಿ ಬಿಡಬೇಕು. ಎಲ್ಲೆಂದರಲ್ಲಿ ಗಾಳ ಹಾಕುವಂತಿಲ್ಲ ಅಂತಲೂ ಚೀಟಿಯಲ್ಲಿ ಬರೆಯುತ್ತೇವೆ. ವಾಲ್ನೂರು ಭಾಗದಲ್ಲಿ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿ ಬಹಳ ವರ್ಷಗಳಿಂದ ಮಹಶೀರ್ ಕಾಯುವ ಕೆಲಸ ಮಾಡುತ್ತಿದೆ, ಅಲ್ಲಿಗೆ ಹೋಗುವವರು ಮೊದಲು ಅವರನ್ನು ಕೇಳಬೇಕು. ಕಾಡಿನೊಳಗಿನ ಹೊಳೆಗಂತೂ ಅರಣ್ಯ ಇಲಾಖೆ ಬಿಡದೆ ಇಳಿಯಬಾರದು. ಆನೆ ವಿಷಯ ನಾನು ಹೇಳಬೇಕಾಗಿಲ್ಲ. ಸಂಜೆ ಐದೂವರೆಯ ಮೇಲೆ ದಂಡೆಯಲ್ಲಿ ನಿಂತಿರುವುದು ಧೈರ್ಯ ಅಲ್ಲ, ಬುದ್ಧಿ ಇಲ್ಲ ಅಂತ ಅರ್ಥ.

ಒಂದು ಫ್ಲೈ ಕಟ್ಟುವುದು

ನಮ್ಮಲ್ಲಿ ಅತಿ ಹೆಚ್ಚು ಹೋಗುವುದು ಕ್ಲೌಸರ್ ಮಿನ್ನೋ. ಅಮೆರಿಕದ ಬಾಬ್ ಕ್ಲೌಸರ್ ಅನ್ನುವವರು ಬೇರೆ ಮೀನಿಗೆ ಮಾಡಿದ್ದು, ಮಹಶೀರ್‌ಗೂ ಹಿಡಿಸಿದೆ. ಒಂದನ್ನು ನಿಧಾನವಾಗಿ ಹೇಳುತ್ತೇನೆ.

2 ನಂಬರಿನ ಗಟ್ಟಿ ಗಾಳವನ್ನು ವೈಸಿಗೆ ಕಚ್ಚಿಸಿ. ಗಾಳದ ಕಣ್ಣಿನಿಂದ (ಲೈನು ಕಟ್ಟುವ ತೂತು) ಶುರುಮಾಡಿ ಬಾಗುವ ಜಾಗದವರೆಗೆ ದಾರ ಸುತ್ತಿ, ವಾಪಸ್ ಬನ್ನಿ. ಬರಿ ಲೋಹದ ಮೇಲೆ ಏನು ಕಟ್ಟಿದರೂ ಜಾರುತ್ತದೆ. ಕಣ್ಣಿನಿಂದ ಮೂರನೇ ಒಂದು ಭಾಗ ಹಿಂದೆ, ಗಾಳದ ಬೆನ್ನ ಮೇಲೆ ಡಂಬೆಲ್ ಆಕಾರದ ಲೋಹದ ಕಣ್ಣು ಇಟ್ಟು, ಇಂಗ್ಲಿಷಿನ ಎಂಟರ ಹಾಗೆ ಅಡ್ಡಡ್ಡ ಹತ್ತು ಸುತ್ತು. ಮೇಲೆ ಒಂದು ಹನಿ ಫೆವಿಕ್ವಿಕ್. ಆ ಭಾರದಿಂದ ಗಾಳ ನೀರಿನಲ್ಲಿ ತಲೆಕೆಳಗಾಗಿ ತಿರುಗುತ್ತದೆ, ಚೂಪು ತುದಿ ಮೇಲೆ ಬರುತ್ತದೆ. ಕಾವೇರಿಯಂಥ ಬಂಡೆ ಹೊಳೆಯಲ್ಲಿ ಇದೇ ಉಳಿಸುವುದು. ಇಲ್ಲದಿದ್ದರೆ ಹತ್ತು ಬೀಸಿಗೆ ಎಂಟು ಫ್ಲೈ ಕಲ್ಲಿನ ಪಾಲು.

ಕೂದಲಿಗೆ ಬರೋಣ. ಹೊರದೇಶದಲ್ಲಿ ಜಿಂಕೆ ಬಾಲದ ಕೂದಲು ಹಾಕುತ್ತಾರೆ. ನಮ್ಮಲ್ಲಿ ಜಿಂಕೆ ಕೂದಲು ಅಂದರೆ ಜೈಲು. ನಾನು ಮೇಕೆ ಬಾಲದ್ದನ್ನು ಹಾಕುತ್ತೇನೆ. ಕುಶಾಲನಗರದ ಮಟನ್ ಅಂಗಡಿಯವರು ಮೊದಲು ಸುಮ್ನೆ ಕೊಡುತ್ತಿದ್ದರು, ನಾನು ವಾರ ವಾರ ಬರುವುದು ನೋಡಿ ಈಗ ಬಾಲಕ್ಕೆ ಇಪ್ಪತ್ತು ರೂಪಾಯಿ. ಬಿಳಿ ಕೂದಲು ಡಂಬೆಲ್ ಇರುವ ಕಡೆ. ಗಾಳ ತಿರುಗಿಸಿ, ಮಿಂಚುವ ಜರಿಯ ನಾಲ್ಕು ಎಳೆ, ಅದರ ಮೇಲೆ ಹಸಿರು ಇಲ್ಲಾ ಕಂದು ಕೂದಲು. ಉದ್ದ ಗಾಳದ ಕಡ್ಡಿಯ ಎರಡೂವರೆ ಪಟ್ಟು. ಹೊಸಬರು ಎಲ್ಲರೂ ಮಾಡುವ ತಪ್ಪು ಇಲ್ಲೇ: ಕೂದಲು ಜಾಸ್ತಿ ಹಾಕುತ್ತಾರೆ. ಬೆಂಕಿಕಡ್ಡಿಯಷ್ಟು ದಪ್ಪ ಸಾಕು. ಒಣಗಿದಾಗ ಬಡಕಲಾಗಿ ಕಂಡದ್ದು ನೀರಿನಲ್ಲಿ ಮೀನಿನ ಮರಿಯ ಹಾಗೆ ನಡೆಯುತ್ತದೆ. ದಪ್ಪ ಕಟ್ಟಿದ್ದು ಪೊರಕೆಯ ಹಾಗೆ ತೇಲುತ್ತದೆ.

ಕೊನೆಗೆ ಗಂಟು. ವಿಪ್ ಫಿನಿಶ್ ಅನ್ನುತ್ತಾರೆ: ದಾರದ ಕುಣಿಕೆಯನ್ನು ಅದರದೇ ತುದಿಯ ಮೇಲೆ ಐದಾರು ಸುತ್ತು ಸುತ್ತಿ ಎಳೆಯುವುದು. ನನಗೆ ಇದು ಕಲಿಯಲು ಮೂರು ವಾರ ಬೇಕಾಯಿತು. ನಮ್ಮಲ್ಲಿ ಕೆಲಸ ಮಾಡುವ ಇಬ್ಬರು ಒಂದು ಮಧ್ಯಾಹ್ನದಲ್ಲಿ ಕಲಿತರು. ಅವರು ಮೊದಲು ಸೀರೆಗೆ ಕುಚ್ಚು ಕಟ್ಟುತ್ತಿದ್ದವರು. ಮದುವೆ ಸೀಸನ್ ಬಿಟ್ಟರೆ ಅವರಿಗೆ ಕೆಲಸ ಕಡಿಮೆ, ನನಗೋ ಬೆರಳು ಬೇಕಿತ್ತು. ನೀವು ಕೆಲಸಕ್ಕೆ ಜನ ಹುಡುಕುವುದಾದರೆ ಮೀನು ಹಿಡಿಯುವವರನ್ನು ಹುಡುಕಬೇಡಿ. ಕುಚ್ಚು ಕಟ್ಟುವವರು, ಹೂ ಕಟ್ಟುವವರು, ಬ್ಲೌಸಿಗೆ ಹುಕ್ ಹಾಕುವವರನ್ನು ಕೇಳಿ. ಮೀನುಗಾರರು ಎರಡು ಕಟ್ಟಿ ಹೊಳೆಗೆ ಹೋಗಿಬಿಡುತ್ತಾರೆ. ನಾನೂ ಸೇರಿ.

ಗರಿ, ಕಾನೂನು, ಕಾಡುಕೋಳಿ

ಬೆಳಿಗ್ಗೆ ತೋಟದಲ್ಲಿ ಕಾಡುಕೋಳಿ ಕೂಗುತ್ತದೆ. ಫ್ಲೈ ಕಟ್ಟುವವರ ಲೋಕದಲ್ಲಿ ಅದರ ಕತ್ತಿನ ಗರಿಗೆ ಬಹಳ ಬೆಲೆ. ಗರಿಯ ಮೇಲೆ ಮೇಣ ಹಚ್ಚಿದ ಹಾಗೆ ಹೊಳೆಯುವ ಹಳದಿ-ಬಿಳಿ ಚುಕ್ಕೆಗಳಿರುತ್ತವೆ, ನೇಲ್ ಪಾಲಿಶ್ ಇಟ್ಟಂತೆ. ಬ್ರಿಟಿಷರ ಕಾಲದಲ್ಲಿ ಸಾಲ್ಮನ್ ಮೀನು ಹಿಡಿಯುವ ಫ್ಲೈಗೆಂದು ಇಲ್ಲಿಂದ ಚರ್ಮ ಸಮೇತ ಹಡಗಿಗೆ ಹೋಗುತ್ತಿತ್ತು. ನನಗೂ ಹೊರದೇಶದಿಂದ ಕೇಳಿ ಬರುತ್ತದೆ, 'ನೀವು ಕೂರ್ಗಿನವರಲ್ವಾ, ನಿಮ್ಮ ಹಿತ್ತಲಲ್ಲೇ ಇದೆ' ಅಂತ. ಹೌದು, ಹಿತ್ತಲಲ್ಲೇ ಇದೆ, ಅಲ್ಲೇ ಇರಲಿ. 1972ರ ವನ್ಯಜೀವಿ ಕಾಯ್ದೆಯಡಿ ಅದು ರಕ್ಷಿತ ಪಕ್ಷಿ. ಬಿದ್ದ ಗರಿ ಅಂದರೂ ವ್ಯಾಪಾರಕ್ಕೆ ಮುಟ್ಟಬೇಡಿ. ಕೇಳಿದವರಿಗೆ ನಾನು ನಾಟಿ ಹುಂಜದ ಕಪ್ಪು ಗರಿಗೆ ಸೂಜಿಯಲ್ಲಿ ಬಣ್ಣದ ಚುಕ್ಕೆ ಇಟ್ಟು ಕೊಡುತ್ತೇನೆ. ಮೀನಿಗೇನೂ ಬೇಜಾರಿಲ್ಲ.

ನವಿಲುಗರಿಯ ಕತೆ ಇನ್ನೊಂದು. ತಾನಾಗಿ ಉದುರಿದ ಗರಿಯನ್ನು ದೇಶದೊಳಗೆ ಮಾರಬಹುದು, ಹೊರಗೆ ಕಳಿಸುವಂತಿಲ್ಲ. ಹಾಗಾಗಿ ನವಿಲು ಎಳೆ ಹಾಕಿದ ಫ್ಲೈಗೆ ಬೇರೆಯೇ ಡಬ್ಬಿ, ಮುಚ್ಚಳದ ಮೇಲೆ ಕೆಂಪು ಟೇಪು. ಒಮ್ಮೆ ಅದು ಹೊರದೇಶದ ಪಾರ್ಸೆಲ್ಲಿಗೆ ಸೇರಿಹೋಗಿತ್ತು, ಅಂಟು ಹಚ್ಚುವ ಹೊತ್ತಿಗೆ ಕಣ್ಣಿಗೆ ಬಿತ್ತು. ಆ ದಿನದಿಂದ ಟೇಪು.

ನಾಟಿ ಹುಂಜದ ಗರಿ ಬೇಕಷ್ಟು ಸಿಗುತ್ತದೆ. ಕೈಲ್‌ಪೊಳ್ದ್, ಪುತ್ತರಿ ಹಬ್ಬ ಆದ ಮೇಲೆ ನೆಂಟರ ಮನೆಗೆಲ್ಲ ಚೀಲ ಹಿಡಿದು ಹೋಗುತ್ತೇನೆ, ನಾಚಿಕೆ ಎಲ್ಲ ಬಿಟ್ಟಾಗಿದೆ. ಆದರೆ ತಿಳಿದಿರಲಿ, ನಾಟಿ ಗರಿ ಮೆತ್ತಗೆ, ನೀರು ಹೀರುತ್ತದೆ. ಮುಳುಗುವ ಫ್ಲೈಗೆ ಒಳ್ಳೆಯದು. ನೀರಿನ ಮೇಲೆ ನಿಲ್ಲುವ ಡ್ರೈ ಫ್ಲೈಗೆ ಆಗುವುದಿಲ್ಲ. ಅದಕ್ಕೆಂದೇ ಸಾಕಿದ ಕೋಳಿಯ ಗಟ್ಟಿ ಗರಿ ಹೊರಗಿಂದ ತರಿಸಬೇಕು. ತಂದ ಗರಿಯನ್ನು ಶಾಂಪೂ ಹಾಕಿ ತೊಳೆದು, ನೆರಳಲ್ಲಿ ಒಣಗಿಸಿ, ಕವರಿನಲ್ಲಿ ಕಟ್ಟಿ ಒಂದು ವಾರ ಫ್ರೀಜರಿನಲ್ಲಿಡಿ. ಇಲ್ಲದಿದ್ದರೆ ನುಸಿ ಹುಳ ಇಡೀ ಡಬ್ಬಿ ತಿನ್ನುತ್ತದೆ. ಅಮ್ಮನ ಹತ್ತಿರ ಮೊದಲೇ ಒಪ್ಪಿಗೆ ತೆಗೆದುಕೊಳ್ಳಿ.

ಮಳೆಗಾಲದ ಮಾತೂ ಬಂತು. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ. ಜುಲೈಯಲ್ಲಿ ಬೆಲ್ಟಿಗೇ ಬೂಸ್ಟು ಬರುವ ಊರಲ್ಲಿ ಗರಿ ಉಳಿಯುತ್ತಾ? ಹಳೇ ಗೋದ್ರೆಜ್ ಬೀರುವಿನ ಕೆಳಗೆ 40 ವ್ಯಾಟಿನ ಬಲ್ಬು ಒಂದು ಇಡೀ ಮಳೆಗಾಲ ಉರಿಯುತ್ತಿರಲಿ. ಗಾಳಕ್ಕೆ ಸಿಲಿಕಾ ಜೆಲ್ ಪೊಟ್ಟಣ. ಸಾವಿರ ರೂಪಾಯಿ ಕರೆಂಟು ಬಿಲ್ಲಿಗೆ ಹೆದರಿ ಮೊದಲ ವರ್ಷ ಬಲ್ಬು ಇಡಲಿಲ್ಲ, ಹದಿನೆಂಟು ಸಾವಿರದ ಗರಿ ಹೋಯಿತು.

ತಕ್ಕಡಿ ಮತ್ತು ಗಾಳ

ಹೊರಗಿಂದ ಕೊಂಡದ್ದನ್ನು ನಂಬಬೇಡಿ, ತೂಗಿ. ಲೈನಿಗೆ ನಂಬರ್ ಇರುತ್ತದಲ್ಲ, ಅದು ಮೊದಲ 30 ಅಡಿಯ ತೂಕ. 5 ನಂಬರ್ ಅಂದರೆ 140 ಗ್ರೇನ್, ಸುಮಾರು 9 ಗ್ರಾಂ. 8 ನಂಬರ್ ಅಂದರೆ 210 ಗ್ರೇನ್, 13.6 ಗ್ರಾಂ. ಆನ್‌ಲೈನಲ್ಲಿ ಚಿನ್ನ ತೂಗುವ ಪುಟ್ಟ ತಕ್ಕಡಿ ತರಿಸಿದ್ದೇನೆ. ಒಮ್ಮೆ 8 ನಂಬರ್ ಅಂತ ಬಂದ ಇಪ್ಪತ್ತು ಲೈನಲ್ಲಿ ಎರಡನ್ನು ತೂಗಿದೆ, 17 ಗ್ರಾಂ ಹತ್ತಿರ ಬಂತು. ಅದನ್ನು 8 ನಂಬರಿನ ರಾಡಿಗೆ ಹಾಕಿದರೆ ಒದ್ದೆ ಹಗ್ಗ ಬೀಸಿದ ಹಾಗೆ. ಎಲ್ಲವನ್ನೂ ತೂಗಿ, ನಿಜವಾದ ನಂಬರಿನ ಚೀಟಿ ಅಂಟಿಸಿ, ಕಡಿಮೆ ಬೆಲೆಗೆ ಮಾರಿದೆ. ಲಾಭ ಇರಲಿಲ್ಲ. ಆದರೆ 'ತೂಗಿ ಕೊಡ್ತಾರೆ' ಅನ್ನುವ ಮಾತು ಬೆಂಗಳೂರಿನವರೆಗೆ ಹೋಯಿತು, ಆ ವರ್ಷದ ಹೊಸ ಗಿರಾಕಿಗಳಲ್ಲಿ ಹೆಚ್ಚಿನವರು ಅದೇ ಮಾತು ಹೇಳಿಕೊಂಡು ಬಂದರು.

ಗಾಳದ ವಿಷಯದಲ್ಲಿ ಮಾತ್ರ ಪೆಟ್ಟು ತಿಂದೆ. ಒಬ್ಬ ವ್ಯಾಪಾರಿಯಿಂದ ಅಗ್ಗಕ್ಕೆ ಐನೂರು ಗಾಳ ತಂದು ಎಲ್ಲವನ್ನೂ ಕಟ್ಟಿ ಕಳಿಸಿಬಿಟ್ಟಿದ್ದೆ. ಮಹಶೀರ್ ಬಾಯಲ್ಲಿ ಹಲ್ಲಿಲ್ಲ, ಗಂಟಲಲ್ಲಿದೆ. ಏಡಿ, ಬಸವನಹುಳುವಿನ ಚಿಪ್ಪನ್ನೇ ಪುಡಿ ಮಾಡುವ ಮೀನು ಅದು. ಗಿರಾಕಿಯೊಬ್ಬರು ಫೋಟೋ ಕಳಿಸಿದರು: ಗಾಳ ಬಿಚ್ಚಿ ನೆಟ್ಟಗೆ ಸೂಜಿಯಾಗಿತ್ತು. ನೂರಾ ಎಂಬತ್ತು ಫ್ಲೈ ವಾಪಸ್ ತರಿಸಿ, ಹೊಸದು ಕಟ್ಟಿ ಕಳಿಸಿದೆ. ಈಗ ಪ್ರತಿ ನೂರರಲ್ಲಿ ಹತ್ತು ಗಾಳ ತೆಗೆದು, ವೈಸಿಗೆ ಕಚ್ಚಿಸಿ, ಮೀನು ತೂಗುವ ಸ್ಪ್ರಿಂಗ್ ತಕ್ಕಡಿ ಕಟ್ಟಿ ಎಂಟು ಕಿಲೋ ಎಳೆಯುತ್ತೇವೆ. ಒಂದು ಬಿಚ್ಚಿದರೂ ಇಡೀ ಪ್ಯಾಕೆಟ್ ವಾಪಸ್.

ಕಾಗದ ಪತ್ರ

ಇದನ್ನು ಬೇಗ ಮುಗಿಸುತ್ತೇನೆ, ನನಗೂ ಇಷ್ಟ ಇಲ್ಲದ ಭಾಗ. ಸಣ್ಣ ಉದ್ದಿಮೆಗಳಿಗೆ ಸರ್ಕಾರದ ಉದ್ಯಮ್ ನೋಂದಣಿ ಪುಕ್ಕಟೆ. ಯಾರಾದರೂ ದುಡ್ಡು ಕೇಳಿದರೆ ಆ ವೆಬ್‌ಸೈಟ್ ಮುಚ್ಚಿ. ರಾಜ್ಯದಿಂದ ಹೊರಗೆ ಸರಕು ಮಾರುವುದಾದರೆ ವಹಿವಾಟು ಚಿಕ್ಕದಿದ್ದರೂ ಜಿಎಸ್‌ಟಿ ಬೇಕು. 40 ಲಕ್ಷದ ಮಿತಿ ಇದೆ ಅಂತ ನೆಚ್ಚಿ ಕೂರಬೇಡಿ. ತೆರಿಗೆ, ಸುಂಕಕ್ಕೆ ಸರಕು ಗುರುತಿಸುವ ಸಂಖ್ಯೆಗಳಲ್ಲಿ ನಮ್ಮ ಸಾಮಾನು ಬರುವುದು 9507ರಡಿ. ಹೊರದೇಶಕ್ಕೆ ಕಳಿಸಲು ಆಮದು-ರಫ್ತು ಕೋಡ್, 500 ರೂಪಾಯಿ, ಆನ್‌ಲೈನಲ್ಲೇ ಆಗುತ್ತದೆ. ಅಂಚೆಯ ಮೂಲಕ ರಫ್ತು ಮಾಡಲು ಡಾಕ್ ಘರ್ ನಿರ್ಯಾತ್ ಕೇಂದ್ರ ಅಂತ ವ್ಯವಸ್ಥೆ ಇದೆ, ನಮ್ಮಂಥ ಸಣ್ಣ ಪೊಟ್ಟಣದವರಿಗೆ ಅದೇ ಸಾಕು. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆಗೆ ಗರಿ, ಕೂದಲು ಕಳಿಸುವ ಮುಂಚೆ ಅವರ ನಿಯಮ ಓದಿ, ತುಂಬ ಕಟ್ಟುನಿಟ್ಟು.

ಒಂದೇ ದೇಶವನ್ನು ನೆಚ್ಚಬೇಡಿ ಅಂತಲೂ ಸೇರಿಸುತ್ತೇನೆ. 2025ರ ಆಗಸ್ಟ್ 29ರಿಂದ ಅಮೆರಿಕ 800 ಡಾಲರ್ ಒಳಗಿನ ಪಾರ್ಸೆಲ್‌ಗೆ ಇದ್ದ ಸುಂಕ ವಿನಾಯಿತಿ ತೆಗೆದುಹಾಕಿತು. ನಮ್ಮ ಅಂಚೆಯಲ್ಲಿ ಅಲ್ಲಿಗೆ ಬುಕಿಂಗ್ ಅಕ್ಟೋಬರ್ ಮಧ್ಯದವರೆಗೆ ನಿಂತಿತ್ತು. ಆಗ ಕಟ್ಟಿಟ್ಟ ನಾಲ್ಕು ಡಬ್ಬಿ ಬೀರುವಿನಲ್ಲಿ ಬಲ್ಬಿನ ಬೆಳಕಲ್ಲಿ ಕೂತಿದ್ದವು. ಬೆಂಗಳೂರು, ಪುಣೆಯ ಗಿರಾಕಿಗಳಿದ್ದರು ಅಂತ ಆ ತಿಂಗಳ ಸಂಬಳ ನಿಲ್ಲಲಿಲ್ಲ.

ಯಾವಾಗ ಕೆಲಸ, ಯಾವಾಗ ಪ್ರಯಾಣ

ಕೊಡಗಿನಲ್ಲಿ ಕ್ಯಾಲೆಂಡರ್ ಕಾಫಿಯದು. ನವೆಂಬರಿನಿಂದ ಅರೇಬಿಕಾ, ಜನವರಿ ಮೇಲೆ ರೊಬಸ್ಟಾ ಕೊಯ್ಲು. ಆಗ ಯಾರ ಕೈಯೂ ಖಾಲಿ ಇಲ್ಲ, ನನ್ನದೂ ಸೇರಿ. ಆದರೆ ನೀರು ತಿಳಿಯಾಗಿ ಗಿರಾಕಿಗಳು ಫ್ಲೈ ಕೇಳುವುದೂ ಆಗಲೇ. ಹಾಗಾಗಿ ಹೊಳೆ ಕೆಂಪಗೆ ಹರಿಯುವ ಜೂನ್‌ನಿಂದ ಸೆಪ್ಟೆಂಬರ್ ಪೂರ್ತಿ ಕಟ್ಟಿ ಡಬ್ಬಿ ತುಂಬಿಸಿಡಬೇಕು. ತುಲಾ ಸಂಕ್ರಮಣದ ಹೊತ್ತಿಗೆ ನನ್ನ ಬೀರು ತುಂಬಿರಬೇಕು, ಅದೇ ಗಡುವು. ಪ್ರಯಾಣಕ್ಕೆ ಉಳಿಯುವುದು ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮೇಲೆ, ಮುಂಗಾರು ಹಿಡಿಯುವ ಮುಂಚೆ.

ಕಳೆದ ಏಪ್ರಿಲಿನಲ್ಲಿ ಹಿಮಾಚಲದ ತೀರ್ಥನ್ ಕಣಿವೆಗೆ ಹೋದೆ. ಚಂಡೀಗಢದವರೆಗೆ ವಿಮಾನ, ಅಲ್ಲಿಂದ ರಾತ್ರಿ ಬಸ್ಸಲ್ಲಿ ಔಟ್ ಅನ್ನುವ ಊರು, ಮುಂದೆ ಬಂಜಾರ್, ಗುಶೈನಿ. ನಾಲ್ಕು ತುಂಡಾಗುವ ರಾಡು ಬ್ಯಾಗಲ್ಲೇ ಹೋಗುತ್ತದೆ. ಗಾಳ, ಕತ್ತರಿ ಎಲ್ಲ ಚೆಕ್-ಇನ್ ಬ್ಯಾಗಿಗೆ ಹಾಕಿ. ಅಲ್ಲಿ ಟ್ರೌಟ್ ಮೀನು ಹಿಡಿಯಲು ನವೆಂಬರಿನಿಂದ ಫೆಬ್ರವರಿ ಕೊನೆಯವರೆಗೆ ನಿಷೇಧ, ಮಾರ್ಚಿಗೆ ತೆರೆಯುತ್ತದೆ. ಮೀನುಗಾರಿಕೆ ಇಲಾಖೆಯ ದಿನದ ಪರವಾನಗಿ ಮಾಡಿಸಬೇಕು. ಕುಲ್ಲು ಕಡೆಗೆ ಬ್ರೌನ್ ಟ್ರೌಟ್ ಬಂದದ್ದು 1909ರಲ್ಲಿ, ಬ್ರಿಟಿಷರು ತಂದು ಬಿಟ್ಟದ್ದು. ನಮ್ಮ ಖುದ್ರೀ ಹಾಗೇ, ವಲಸೆ ಬಂದು ಊರವರಾದ ಮೀನು.

ಹೋಗುವಾಗ ಮಾರೋಣ ಅಂತ ಇನ್ನೂರು ಫ್ಲೈ ಒಯ್ದಿದ್ದೆ. ಅಲ್ಲಿನ ಗೈಡ್ ಒಬ್ಬರು ನನ್ನ ಡಬ್ಬಿ ತೆರೆದು, ಒಂದು ನಿಮಿಷ ನೋಡಿ, ಮೂರು ತೆಗೆದುಕೊಂಡು ಮುಚ್ಚಿದರು. ಮಾತಾಡದೆ ನೀರಿಗಿಳಿದು ಕಲ್ಲೊಂದನ್ನು ಎತ್ತಿ ಮಗುಚಿ ತೋರಿಸಿದರು. ಕಲ್ಲಿನ ಅಡಿಗೆ ಅಂಟಿಕೊಂಡು ಮೂರು ಬಾಲದ ಚಪ್ಪಟೆ ಹುಳುಗಳು ಹರಿದಾಡುತ್ತಿದ್ದವು, ಪಕ್ಕದಲ್ಲಿ ಮರಳು ಮೆತ್ತಿಕೊಂಡ ಸಣ್ಣ ಗೂಡುಗಳು. ಕಾಲು ಮರಗಟ್ಟುವ ಆ ನೀರಲ್ಲಿ ನಾಲ್ಕು ದಿನ ನಾನು ಮಾಡಿದ್ದು ಕಲ್ಲು ಮಗುಚಿ ಫೋಟೋ ತೆಗೆಯುವುದೇ. ಮೀನು ಸಿಕ್ಕಿದ್ದು ಎರಡು, ಗೇಣುದ್ದದವು. ಫ್ಲೈ ಮಾರಿದ್ದು ಮೂವತ್ತೊಂದು, ಬಸ್ಸಿನ ಖರ್ಚಿಗೂ ಸಾಲದು.

ಊರಿಗೆ ಬಂದ ಮರುದಿನವೇ ನಮ್ಮ ತೋಟದ ಕೆಳಗಿನ ತೋಡಿಗೆ ಇಳಿದೆ. ಹುಟ್ಟಿದಾಗಿಂದ ದಾಟುತ್ತಿದ್ದ ತೋಡು, ಒಂದು ದಿನವೂ ಕಲ್ಲು ಎತ್ತಿ ನೋಡಿರಲಿಲ್ಲ. ಅದೇ ಥರದ ಹುಳುಗಳು, ಸ್ವಲ್ಪ ಕಪ್ಪು, ಸ್ವಲ್ಪ ಚಿಕ್ಕವು. 14 ನಂಬರಿನ ಗಾಳ, ಹಿತ್ತಾಳೆ ಮಣಿ, ಮನೆ ಮೊಲದ ಕೂದಲು, ಬಾಲಕ್ಕೆ ಮೂರು ಎಳೆ. ಕಾರ್ನಾಟಿಕ್ ಕಾರ್ಪ್ ಮೀನು ಅದನ್ನು ಮೊದಲ ಸಂಜೆಯೇ ಹಿಡಿಯಿತು. ಆ ವರ್ಷ ಕಟ್ಟಿದ್ದರಲ್ಲಿ ಅತಿ ಲಾಭದ್ದು ಇದೇ: ಸಾಮಾನು ಒಂಬತ್ತು ರೂಪಾಯಿ, ಕೈಕೆಲಸ ಹದಿನೈದು, ಬೆಲೆ ಎಪ್ಪತ್ತು. ಪ್ರಯಾಣದ ಖರ್ಚನ್ನು ಮಾರಾಟದ ಲೆಕ್ಕಕ್ಕೆ ಬರೆಯಬೇಡಿ, ಹೊಸ ಮಾಲಿನ ಲೆಕ್ಕಕ್ಕೆ ಬರೆಯಿರಿ. ಆಡಿಟರ್ ಏನು ಹೇಳುತ್ತಾರೋ ಬೇರೆ ವಿಷಯ.

ಎರಡನೇ ಪ್ರಯಾಣ ತೀರ ಸಣ್ಣದು. ಫ್ಲೈ ಕಟ್ಟುವ ಇಬ್ಬರೂ ಮಹಶೀರನ್ನು ಜೀವಂತ ನೋಡಿರಲಿಲ್ಲ. ಎರಡು ವರ್ಷ ಒಂದು ಮೀನಿಗೆ ಊಟ ಕಟ್ಟಿದ್ದಾರೆ, ಅದರ ಮುಖ ಗೊತ್ತಿಲ್ಲ! ಪುತ್ತರಿ ಕಳೆದ ಭಾನುವಾರ ಕಾರಲ್ಲಿ ಹಾಸನ ಜಿಲ್ಲೆಯ ರಾಮನಾಥಪುರಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಕಾವೇರಿಯಲ್ಲಿ ದೇವರ ಮೀನು, ಯಾರೂ ಹಿಡಿಯುವುದಿಲ್ಲ. ಹತ್ತು ರೂಪಾಯಿಯ ಪುರಿ ಕೊಂಡು ಮೆಟ್ಟಿಲ ಮೇಲೆ ಕೂತೆವು. ಪುರಿ ಬಿದ್ದ ಕೂಡಲೇ ಚಿಕ್ಕವು ಮೇಲೆ ಬಂದು ನೀರು ಕುದಿಸಿದವು. ನಾನು ಫೋಟೋ ತೆಗೆಯುತ್ತಿದ್ದೆ. ಇಬ್ಬರಲ್ಲಿ ಚಿಕ್ಕವಳು ಮಾತ್ರ ಕೆಳಗೆ ನೋಡುತ್ತಿದ್ದಳು. ನೆನೆದು ಮೆಲ್ಲಗೆ ಇಳಿಯುವ ಪುರಿಯ ಹತ್ತಿರ ದೊಡ್ಡ ಮೀನೊಂದು ಬಂದು, ಅವಸರ ಇಲ್ಲದೆ ಬಾಯಿ ತೆರೆದು, ಹೊರಳಿ ಹೋಯಿತು. ಅವಳು ಇನ್ನೊಂದು ಹಿಡಿ ಪುರಿಯನ್ನು ಮೊದಲು ಬಾಟಲಿ ನೀರಲ್ಲಿ ನೆನೆಸಿ ಹಾಕಿದಳು. ಮತ್ತೆ ಅದೇ ಆಯಿತು.

'ನಮ್ಮದು ಕಲ್ಲಿನ ಹಾಗೆ ಮುಳುಗುತ್ತೆ ಅಲ್ವಾ?' ಅಂದಳು.

ಸೋಮವಾರ ಬೆಳಿಗ್ಗೆ ಅಟ್ಟ ಹತ್ತಿದಾಗ ಅವಳು ಡಂಬೆಲ್ ಕಣ್ಣಿನ ಡಬ್ಬಿ ಪಕ್ಕಕ್ಕೆ ಸರಿಸಿ, ಬಾತ್‌ರೂಮಿನಲ್ಲಿ ಕಟ್ಟುವ ಮಣಿ ಸರಪಳಿಯಿಂದ ಎರಡೆರಡು ಮಣಿ ಕತ್ತರಿಸಿ ಗಾಳಕ್ಕೆ ಕಟ್ಟುತ್ತಿದ್ದಳು. ಪಕ್ಕದಲ್ಲಿ ಬಕೆಟ್ ನೀರು. ಒಂದು ಕಟ್ಟುವುದು, ಬಕೆಟ್ಟಿಗೆ ಬಿಡುವುದು, ಒಂದು, ಎರಡು, ಮೂರು ಅಂತ ಎಣಿಸುವುದು.